ಪಾಪದ ಅರಿಕೆ ಮತ್ತು ಕ್ಷಮೆಯ ಸ್ವೀಕಾರ



ಮಾಡಿದ ತಪ್ಪನ್ನು ತನ್ನದೇ ಎಂದು ದೇವರ ಮುಂದೆ ಒಪ್ಪಿಕೊಂಡು ಆತನ ಕ್ಷಮೆಯನ್ನು ಪಡೆಯುವುದು ಕ್ರೈಸ್ತ ಜೀವನದ ತಳಹದಿಯ ಕ್ರಿಯೆಗಳಲ್ಲೊಂದು. ಕಥೋಲಿಕರು ಇದನ್ನು ಪಾಪನಿವೇದನೆ ಎನ್ನುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಪಾಪದ ಅರಿಕೆ ಎಂಬ ಮಾತು ರೂಢಿ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಕುಮ್ಸಾರ್ ಎಂದರೆ ಮಕ್ಕಳಿಗೂ ತಿಳಿಯುತ್ತದೆ. ಹೆಸರು ಯಾವುದಾದರೂ ಇದಕ್ಕೆ ಎರಡು ಭಾಗಗಳಿವೆ: ಹೇಳಿಕೊಳ್ಳುವುದು ಒಂದು, ಪಡೆದುಕೊಳ್ಳುವುದು ಇನ್ನೊಂದು. ಹೇಳಿಕೊಳ್ಳುವುದರ ಬಗ್ಗೆ ಬೋಧನೆ ಧಾರಾಳವಾಗಿ ನಡೆದಿದೆ. ಪಡೆದುಕೊಳ್ಳುವುದರ ಬಗ್ಗೆ ಅಷ್ಟಾಗಿ ನಡೆದಿಲ್ಲ. ತಪ್ಪನ್ನು ಮತ್ತೆ ಮತ್ತೆ ಒಪ್ಪಿಕೊಂಡರೂ ಕ್ಷಮೆ ಸಿಕ್ಕಿತೆಂಬ ನೆಮ್ಮದಿಯಿಲ್ಲದೆ ಮನೆಗೆ ಮರಳುವ ವಿಶ್ವಾಸಿಗಳು ಎಲ್ಲ ಪರಂಪರೆಗಳಲ್ಲೂ ಇದ್ದಾರೆ. ಅವರ ಭಾರವನ್ನು ಗಮನದಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗುತ್ತದೆ.

ಉಪನ್ಯಾಸದಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಅರಿಕೆಗೆ ಬೈಬಲಿನಲ್ಲಿರುವ ಆಧಾರ. ಎರಡನೆಯದು ಧರ್ಮಸಭೆಯ ಇತಿಹಾಸದಲ್ಲಿ ಅರಿಕೆ ಪಡೆದ ರೂಪಗಳು ಮತ್ತು ಇಂದಿನ ಆಚರಣೆ. ಮೂರನೆಯದು ಕ್ಷಮೆಯನ್ನು ಸ್ವೀಕರಿಸುವ ಬಗೆ. ನಾಲ್ಕನೆಯದು ಕ್ಷಮೆ ಪಡೆದವರ ನಡೆಯಲ್ಲಿ ಕಾಣಬೇಕಾದ ಫಲ. ಈ ನಾಲ್ಕನ್ನೂ ಹಾದುಹೋಗುವ ವಿಚಾರ ಒಂದೇ: ಅರಿಕೆ ಕ್ಷಮೆಗೆ ತೆರುವ ಬೆಲೆಯಲ್ಲ, ದೇವರು ಮುಂದಾಗಿ ಕೊಡುವ ಕ್ಷಮೆಯನ್ನು ತಪ್ಪಿತಸ್ಥನು ಕೈಯೊಡ್ಡಿ ಪಡೆಯುವ ಬಗೆ.

ಮೊದಲು ಬೈಬಲಿನ ಆಧಾರ. ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ, ವರ್ಷಕ್ಕೊಮ್ಮೆ ಬರುತ್ತಿದ್ದ ದೋಷಪರಿಹಾರಕ ದಿನದ ವಿಧಿಯಿದೆ. ಮಹಾಯಾಜಕನು ಜೀವಂತ ಹೋತದ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಇಸ್ರಾಯೇಲರ ಅಪರಾಧಗಳನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಬಳಿಕ ಆ ಹೋತವನ್ನು ಒಬ್ಬಾತ ಅಡವಿಗೆ ಹೊಡೆದುಕೊಂಡು ಹೋಗಿ ಬಿಟ್ಟುಬರಬೇಕು. ಇದು ಇಡೀ ಜನಾಂಗದ ಅರಿಕೆ. ಒಬ್ಬೊಬ್ಬರ ಅರಿಕೆಯ ವಿಧಿ ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿದೆ. ಮತ್ತೊಬ್ಬರಿಗೆ ನಷ್ಟ ಮಾಡಿದವನು ತಪ್ಪನ್ನು ಒಪ್ಪಿಕೊಳ್ಳಬೇಕು, ನಷ್ಟವನ್ನು ಪೂರ್ತಿಯಾಗಿ ತುಂಬಿಕೊಡಬೇಕು, ಜೊತೆಗೆ ಅದರ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕು. ತಪ್ಪಿನ ಮಾತೂ ತಪ್ಪಿನ ಪರಿಹಾರವೂ ಇಲ್ಲಿ ಆರಂಭದಿಂದಲೇ ಜೊತೆಯಾಗಿವೆ.

ಒಬ್ಬ ವ್ಯಕ್ತಿಯ ಅರಿಕೆಯನ್ನು ಹತ್ತಿರದಿಂದ ತೋರಿಸುವ ಪ್ರಸಂಗ ದಾವೀದನದು. ಅರಸನು ಬತ್ಷೆಬೆಯನ್ನು ಕರೆಸಿಕೊಂಡ. ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಹಾಕಿಸಿ ಸಾಯುವಂತೆ ಮಾಡಿದ. ತಿಂಗಳುಗಟ್ಟಲೆ ಯಾರೂ ಬಾಯಿ ತೆರೆಯಲಿಲ್ಲ. ಕೊನೆಗೆ ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಧನಿಕನ ಕಥೆ ಹೇಳಿದ. ಅರಸನಿಗೆ ಧನಿಕನ ಮೇಲೆ ಸಿಟ್ಟು ಬಂತು. ಆ ಧನಿಕ ಅರಸನೇ ಎಂದು ಪ್ರವಾದಿ ಮುಖಕ್ಕೆ ಹೇಳಿದಾಗ ದಾವೀದ ಸಮಜಾಯಿಷಿ ಕೊಡದೆ ತಪ್ಪನ್ನು ಒಂದೇ ಮಾತಿನಲ್ಲಿ ಒಪ್ಪಿಕೊಂಡ. ದೇವರು ಆ ಪಾಪವನ್ನು ತೆಗೆದುಹಾಕಿದ್ದಾನೆಂದು ನಾತಾನ ಕೂಡಲೇ ಸಾರಿದ. ಆದರೆ ತಪ್ಪಿನ ಪರಿಣಾಮಗಳು ಅರಮನೆಯಲ್ಲಿ ಉಳಿದವು. ಕ್ಷಮೆ ಸಿಕ್ಕ ಮೇಲೂ ದಾವೀದ ಅವುಗಳ ನಡುವೆಯೇ ಬಾಳಬೇಕಾಯಿತು. 51ನೆಯ ಕೀರ್ತನೆಯನ್ನು ಪರಂಪರೆ ಈ ಪ್ರಸಂಗಕ್ಕೇ ಜೋಡಿಸಿದೆ. 6, 32, 38, 51, 102, 130 ಮತ್ತು 143ನೆಯ ಕೀರ್ತನೆಗಳನ್ನು ಕ್ರೈಸ್ತರು ಬಹುಕಾಲದಿಂದ ಪಶ್ಚಾತ್ತಾಪದ ಏಳು ಕೀರ್ತನೆಗಳೆಂದು ಓದುತ್ತ ಬಂದಿದ್ದಾರೆ.

ಹೊಸ ಒಡಂಬಡಿಕೆಯಲ್ಲಿ ದೇವರು ಮುಂದಾಗುವ ರೀತಿ ಇನ್ನೂ ಸ್ಪಷ್ಟವಾಗಿದೆ. ಕಪೆರ್ನೌಮಿನಲ್ಲಿ ನಾಲ್ವರು ಹೊತ್ತು ತಂದು, ಮಾಳಿಗೆ ತೆರೆದು ಇಳಿಸಿದ ಪಾರ್ಶ್ವವಾಯು ರೋಗಿ ಒಂದು ಮಾತನ್ನೂ ಆಡುವ ಮೊದಲೇ ಯೇಸು ಅವನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದರು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮತಿಯಲ್ಲೂ ಇದೇ ಕ್ರಮ ಕಾಣುತ್ತದೆ. ಹಂದಿ ಕಾಯುತ್ತ ಹಸಿದು ಕುಳಿತ ಮಗ ತಂದೆಯ ಮುಂದೆ ಆಡಬೇಕಾದ ಮಾತನ್ನು ಮೊದಲೇ ಸಿದ್ಧಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಅಂಶಗಳಿವೆ: ಪಾಪ ಮಾಡಿದೆನೆಂಬ ಒಪ್ಪಿಗೆ, ಮಗನೆನಿಸಿಕೊಳ್ಳಲು ಯೋಗ್ಯತೆಯಿಲ್ಲವೆಂಬ ಮಾತು, ಕೂಲಿಯಾಳಾಗಿ ಇಟ್ಟುಕೊಳ್ಳಬೇಕೆಂಬ ಬೇಡಿಕೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಮಗ ಮೊದಲ ಎರಡು ಅಂಶಗಳನ್ನು ಹೇಳುತ್ತಾನೆ. ಮೂರನೆಯದಕ್ಕೆ ಬರುವಷ್ಟರಲ್ಲಿ ತಂದೆ ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಜೋಡು ತರಿಸುತ್ತಾನೆ. ಕೂಲಿ ಮಾಡಿ ತೀರಿಸುತ್ತೇನೆಂಬ ಮಾತಿಗೆ ಆ ಮನೆಯಲ್ಲಿ ಎಡೆಯೇ ಸಿಗಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವ ಮಾತನ್ನು ತಂದೆ ತಡೆಯಲಿಲ್ಲವೆಂಬುದೂ ಅಷ್ಟೇ ಮುಖ್ಯ. ಕ್ಷಮೆ ಮೊದಲೇ ಹೊರಟಿತ್ತು, ಆದರೂ ಸತ್ಯವನ್ನು ಹೇಳಲೇಬೇಕಿತ್ತು.

ಅರಿಕೆಯನ್ನು ಯಾರ ಮುಂದೆ ಮಾಡಬೇಕು ಎಂಬ ಪ್ರಶ್ನೆಗೆ ಹೊಸ ಒಡಂಬಡಿಕೆಯಲ್ಲಿ ಮೂರು ದಿಕ್ಕಿನ ಉತ್ತರಗಳಿವೆ. ಯೋಹಾನನ ಮೊದಲನೆಯ ಪತ್ರದ ಪ್ರಕಾರ ದೇವರ ಮುಂದೆ ಪಾಪವನ್ನು ಒಪ್ಪಿಕೊಳ್ಳುವವರನ್ನು ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸುತ್ತಾನೆ. ಯಾಕೋಬನ ಪತ್ರ ವಿಶ್ವಾಸಿಗಳು ಒಬ್ಬರಿಗೊಬ್ಬರು ಅರಿಕೆಮಾಡಿಕೊಂಡು ಪ್ರಾರ್ಥಿಸಬೇಕೆಂದು ಹೇಳುತ್ತದೆ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ಪುನರುತ್ಥಾನಗೊಂಡ ಯೇಸು ಶಿಷ್ಯರ ಮೇಲೆ ಉಸಿರೂದಿ ಪಾಪಗಳನ್ನು ಕ್ಷಮಿಸುವ, ಉಳಿಸುವ ಅಧಿಕಾರವನ್ನು ಕೊಡುತ್ತಾರೆ. ಮುಂದೆ ಬೆಳೆದ ಪರಂಪರೆಗಳು ಮೂರನ್ನೂ ಒಪ್ಪುತ್ತವೆ. ಯಾವುದಕ್ಕೆ ಹೆಚ್ಚು ಒತ್ತು ಎಂಬುದರಲ್ಲಿ ಬೇರೆಯಾಗುತ್ತವೆ.

ಇನ್ನು ಎರಡನೆಯ ಭಾಗಕ್ಕೆ, ಅಂದರೆ ಇತಿಹಾಸಕ್ಕೆ ಬರಬಹುದು. ಆದಿಸಭೆಯ ಪುಟ್ಟ ಕೈಪಿಡಿಯಾದ ದಿದಾಖೆ ಕರ್ತನ ದಿನದಲ್ಲಿ ರೊಟ್ಟಿ ಮುರಿಯುವ ಮೊದಲು ವಿಶ್ವಾಸಿಗಳು ತಪ್ಪುಗಳನ್ನು ಒಪ್ಪಿಕೊಳ್ಳಬೇಕೆಂದೂ, ಜಗಳವಾಡಿದವರು ರಾಜಿಯಾಗುವ ತನಕ ಪಂಕ್ತಿಗೆ ಬರಬಾರದೆಂದೂ ವಿಧಿಸುತ್ತದೆ. ದಿನನಿತ್ಯದ ತಪ್ಪುಗಳಿಗೆ ಇಷ್ಟು ಸಾಕಾಗಿತ್ತು. ದೀಕ್ಷಾಸ್ನಾನ ಪಡೆದ ಮೇಲೆ ಕೊಲೆ, ವ್ಯಭಿಚಾರ, ವಿಗ್ರಹಾರಾಧನೆಯಂಥ ಘೋರ ಪಾಪಕ್ಕೆ ಬಿದ್ದವರನ್ನು ಏನು ಮಾಡಬೇಕು ಎಂಬುದು ಕಷ್ಟದ ಪ್ರಶ್ನೆಯಾಯಿತು.

ಆ ಪ್ರಶ್ನೆ ಉಗ್ರರೂಪ ತಾಳಿದ್ದು 250ರಲ್ಲಿ. ರೋಮನ್ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಜೀವಭಯದಿಂದ ಅನೇಕ ಕ್ರೈಸ್ತರು ಬಲಿ ಅರ್ಪಿಸಿದರು. ಕೆಲವರು ಅಧಿಕಾರಿಗಳಿಗೆ ಹಣ ಕೊಟ್ಟು ಬರಿಯ ಪ್ರಮಾಣಪತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಅವರೆಲ್ಲ ಸಭೆಗೆ ಮರಳಲು ಬಯಸಿದರು. ಅವರನ್ನು ಸೇರಿಸಿಕೊಳ್ಳಲೇಬಾರದು ಎಂದು ರೋಮಿನ ನೊವೇಶಿಯನ್ ಪಟ್ಟು ಹಿಡಿದ. ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಮತ್ತು 251ರಲ್ಲಿ ಅಲ್ಲಿ ಕೂಡಿದ ಪರಿಷತ್ತು ನಡುದಾರಿ ಹಿಡಿದರು: ಬಾಗಿಲು ಮುಚ್ಚಬಾರದು, ಆದರೆ ತಪ್ಪನ್ನು ಹಗುರವಾಗಿ ದಾಟಿಸಲೂಬಾರದು; ಪ್ರತಿಯೊಬ್ಬರ ಸಂದರ್ಭವನ್ನು ವಿಚಾರಿಸಿ ತಕ್ಕ ಪ್ರಾಯಶ್ಚಿತ್ತ ವಿಧಿಸಬೇಕು. ಈ ತೀರ್ಮಾನದಿಂದ ಧರ್ಮಸಭೆ ತನ್ನನ್ನು ನಿಷ್ಕಳಂಕರ ಕೂಟವೆಂದು ಎಣಿಸದೆ ಕ್ಷಮೆ ಪಡೆದವರ ಕೂಟವೆಂದು ಗುರುತಿಸಿಕೊಂಡಿತು.

ಈ ಕಾಲದ ಪ್ರಾಯಶ್ಚಿತ್ತ ಬಹಿರಂಗವಾದದ್ದು, ಕಠಿಣವಾದದ್ದು. ಪಾಪವನ್ನು ಒಪ್ಪಿಕೊಂಡವರು ಪ್ರಾಯಶ್ಚಿತ್ತಿಗಳ ವರ್ಗಕ್ಕೆ ಸೇರುತ್ತಿದ್ದರು. ಗೋಣಿತಟ್ಟು ಉಟ್ಟು, ಉಪವಾಸವಿದ್ದು, ಬಂದವರ ಪ್ರಾರ್ಥನೆಯನ್ನು ಬೇಡುತ್ತಿದ್ದರು. ಪರಮಪ್ರಸಾದಕ್ಕೆ ಅವರಿಗೆ ಅವಕಾಶವಿರಲಿಲ್ಲ. ಅವಧಿ ಮುಗಿದ ಮೇಲೆ ಧರ್ಮಾಧ್ಯಕ್ಷರು ಅವರನ್ನು ಮರಳಿ ಸೇರಿಸಿಕೊಳ್ಳುತ್ತಿದ್ದರು. ರೋಮಿನಲ್ಲಿ ಇದು ಪವಿತ್ರ ಗುರುವಾರದಂದು ನಡೆಯುತ್ತಿತ್ತು. ಅರಸರಿಗೂ ಇದರಿಂದ ವಿನಾಯಿತಿ ಇರಲಿಲ್ಲವೆಂಬುದಕ್ಕೆ 390ರ ಘಟನೆ ಸಾಕ್ಷಿ. ಥೆಸಲೋನಿಕ ನಗರದಲ್ಲಿ ಜನಪ್ರಿಯ ಸಾರಥಿಯೊಬ್ಬನನ್ನು ಸೆರೆಗೆ ಹಾಕಿದ್ದರಿಂದ ಗಲಭೆಯೆದ್ದು ಸೇನಾಧಿಕಾರಿಯ ಕೊಲೆಯಾಯಿತು. ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಸೇಡಿಗಾಗಿ ಅಲ್ಲಿನ ಸಾವಿರಾರು ಜನರನ್ನು ಕೊಂದರು. ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್ ಅರಸನಿಗೆ ಪತ್ರ ಬರೆದು, ಪಶ್ಚಾತ್ತಾಪಪಡದ ಹೊರತು ಪರಮಪ್ರಸಾದ ಸಿಗದೆಂದು ತಿಳಿಸಿದರು. ಥಿಯೊಡೋಸಿಯಸ್ ರಾಜಲಾಂಛನಗಳನ್ನು ಕಳಚಿಟ್ಟು ದೇವಾಲಯದಲ್ಲಿ ಜನರೆದುರು ಅತ್ತು ಕ್ಷಮೆ ಬೇಡಿದ. ಅಧಿಕಾರದ ಪಾಪಕ್ಕೂ ಅರಿಕೆ ಬೇಕು ಎಂಬ ಪಾಠ ಯಾವ ಕಾಲದ ಆಳುವವರಿಗೂ ಸಲ್ಲುತ್ತದೆ.

ಈ ಪದ್ಧತಿಯಲ್ಲಿ ಒಂದು ಕೊರತೆಯಿತ್ತು. ಇಂಥ ಪ್ರಾಯಶ್ಚಿತ್ತ ಬದುಕಿನಲ್ಲಿ ಒಮ್ಮೆ ಮಾತ್ರ ಸಿಗುತ್ತಿತ್ತು. ಆದ್ದರಿಂದ ಜನ ಅದನ್ನು ಮುಪ್ಪಿನವರೆಗೆ, ಮರಣಶಯ್ಯೆಯವರೆಗೆ ಮುಂದೂಡತೊಡಗಿದರು. ಬಹಿರಂಗದ ಅವಮಾನವೂ ಕೆಲವೆಡೆ ಮಿತಿಮೀರಿತು. ಪಾಪಗಳ ಪಟ್ಟಿಯನ್ನು ಸಭೆಯಲ್ಲಿ ಓದಿಸುವ ರೂಢಿಯನ್ನು ಜಗದ್ಗುರು ಒಂದನೆಯ ಲಿಯೋ 459ರಲ್ಲಿ ನಿಷೇಧಿಸಿದರು.

ಹೊಸ ದಾರಿ ತೆರೆದದ್ದು ಐರ್ಲೆಂಡಿನ ಮಠಗಳಲ್ಲಿ. ಅಲ್ಲಿನ ಸನ್ಯಾಸಿಗಳು ತಮ್ಮ ಹಿರಿಯರ ಬಳಿ ಏಕಾಂತದಲ್ಲಿ, ಎಷ್ಟು ಸಲ ಬೇಕಾದರೂ ಪಾಪವನ್ನು ಹೇಳಿಕೊಳ್ಳುತ್ತಿದ್ದರು. ಯಾವ ತಪ್ಪಿಗೆ ಎಷ್ಟು ದಿನ ಉಪವಾಸ ಎಂಬ ಕೈಪಿಡಿಗಳು 6ನೆಯ ಶತಮಾನದಿಂದ ಹುಟ್ಟಿಕೊಂಡವು. ಕೊಲಂಬಾನಸ್ ಮುಂತಾದವರು ಈ ರೂಢಿಯನ್ನು ಯುರೋಪಿನ ಮುಖ್ಯಭೂಮಿಗೆ ಒಯ್ದರು. 589ರ ತೊಲೆದೊ ಪರಿಷತ್ತು ಪಾಪನಿವೇದನೆಯನ್ನು ಮತ್ತೆ ಮತ್ತೆ ಮಾಡುವುದನ್ನು ಖಂಡಿಸಿದ್ದುಂಟು. ಆದರೂ ಜನರಿಗೆ ಇದರ ಅಗತ್ಯವಿತ್ತು, ಆದ್ದರಿಂದ ಅದು ಉಳಿಯಿತು. 1215ರ ನಾಲ್ಕನೆಯ ಲ್ಯಾಟರನ್ ಪರಿಷತ್ತು ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ತಮ್ಮ ಗುರುಗಳ ಬಳಿ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಗುರುಗಳು ಗಾಯಕ್ಕೆ ಔಷಧ ಹಚ್ಚುವ ವೈದ್ಯರ ಹಾಗೆ ವಿವೇಚನೆಯಿಂದ ನಡೆಯಬೇಕೆಂದೂ, ಕೇಳಿದ್ದನ್ನು ಹೊರಗೆಡಹಿದವರನ್ನು ಪದವಿಯಿಂದ ಇಳಿಸಿ ಆಜೀವ ಪ್ರಾಯಶ್ಚಿತ್ತಕ್ಕಾಗಿ ಮಠದಲ್ಲಿರಿಸಬೇಕೆಂದೂ ಅದೇ ನಿಯಮ ಹೇಳುತ್ತದೆ.

ಕಾಲಾಂತರದಲ್ಲಿ ಪ್ರಾಯಶ್ಚಿತ್ತದ ಸುತ್ತ ಹಣದ ವ್ಯವಹಾರ ಬೆಳೆಯಿತು. ಪಾಪಶಿಕ್ಷೆಯ ವಿನಾಯಿತಿ ಪತ್ರಗಳನ್ನು ಮಾರುತ್ತಿದ್ದುದರ ವಿರುದ್ಧ ಮಾರ್ಟಿನ್ ಲೂಥರ್ 1517ರಲ್ಲಿ 95 ಪ್ರತಿಪಾದನೆಗಳನ್ನು ಮುಂದಿಟ್ಟರು. ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂಬುದೇ ಅವುಗಳಲ್ಲಿ ಮೊದಲನೆಯದರ ಸಾರ. ಲೂಥರ್ ಖಾಸಗಿ ಅರಿಕೆಯನ್ನು ಕೈಬಿಟ್ಟರೆಂಬ ತಿಳಿವಳಿಕೆ ಸಾಮಾನ್ಯ; ಅದು ಸರಿಯಲ್ಲ. ಬಲವಂತವನ್ನು ಅವರು ತೆಗೆದುಹಾಕಿದರು, ಅರಿಕೆಯನ್ನು ಉಳಿಸಿಕೊಂಡರು. 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಕಟಣೆಯ 11ನೆಯ ವಿಧಿಯೂ ಖಾಸಗಿ ಪಾಪವಿಮೋಚನೆಯನ್ನು ಉಳಿಸಬೇಕೆನ್ನುತ್ತದೆ. ಆಂಗ್ಲಿಕನ್ ಸಭೆಯ 1552ರ ಪ್ರಾರ್ಥನಾ ಪುಸ್ತಕ ಬೆಳಗಿನ ಆರಾಧನೆಯ ಆರಂಭಕ್ಕೆ ಸಾಮೂಹಿಕ ಅರಿಕೆಯನ್ನು ಸೇರಿಸಿತು. ಕಥೋಲಿಕ ಪರಂಪರೆಯಲ್ಲಿ ಟ್ರೆಂಟ್ ಪರಿಷತ್ತು 1551ರಲ್ಲಿ ಪಶ್ಚಾತ್ತಾಪ, ಪಾಪನಿವೇದನೆ, ಪರಿಹಾರಕಾರ್ಯ ಎಂಬ ಮೂರನ್ನು ವಿಶ್ವಾಸಿಯ ಪಾಲಿನ ಅಂಗಗಳೆಂದು ಸ್ಪಷ್ಟಪಡಿಸಿತು.

ಇಂದಿನ ಆಚರಣೆ ಈ ಇತಿಹಾಸದ ಮುಂದುವರಿಕೆ. ಕಥೋಲಿಕ ಸಭೆಯಲ್ಲಿ ಎರಡನೆಯ ವ್ಯಾಟಿಕನ್ ಪರಿಷತ್ತಿನ ಬಳಿಕ 1973ರಲ್ಲಿ ಪರಿಷ್ಕೃತ ವಿಧಿ ಬಂತು. ವಿಶ್ವಾಸಿ ಮೊದಲು ತನ್ನ ಅಂತಃಕರಣವನ್ನು ಪರಿಶೀಲಿಸಿಕೊಳ್ಳುತ್ತಾನೆ. ತೆರೆಯ ಹಿಂದೆ ಮೊಣಕಾಲೂರಿಯೋ ಗುರುಗಳ ಎದುರು ಕುಳಿತೋ ಶಿಲುಬೆಯ ಗುರುತು ಹಾಕಿ, ಪಾಪಗಳನ್ನು ಹೇಳುತ್ತಾನೆ. ಗುರುಗಳು ಬುದ್ಧಿಮಾತು ಹೇಳಿ ಒಂದು ಪ್ರಾರ್ಥನೆಯನ್ನೋ ಸತ್ಕಾರ್ಯವನ್ನೋ ಪ್ರಾಯಶ್ಚಿತ್ತವಾಗಿ ಕೊಡುತ್ತಾರೆ. ಅವನು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದ ಮೇಲೆ ಅವರು ಬಲಗೈ ಚಾಚಿ, ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಪಾಪವಿಮೋಚನೆ ಸಾರಿ ಸಮಾಧಾನದಿಂದ ಕಳುಹಿಸುತ್ತಾರೆ. ಕೇಳಿದ ಮಾತಿನ ಗೋಪ್ಯ ಯಾವ ಕಾರಣಕ್ಕೂ ಮುರಿಯುವಂತಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ವಿಶ್ವಾಸಿ ಕ್ರಿಸ್ತನ ಚಿತ್ರ ಮತ್ತು ಸುವಾರ್ತಾ ಗ್ರಂಥದ ಮುಂದೆ ನಿಂತು ಹೇಳಿಕೊಳ್ಳುತ್ತಾನೆ. ಗುರುಗಳು ಪಕ್ಕದಲ್ಲಿ ಸಾಕ್ಷಿಯಾಗಿ ನಿಂತು, ಕೊನೆಗೆ ಅವನ ತಲೆಯ ಮೇಲೆ ತಮ್ಮ ಪಟ್ಟಿವಸ್ತ್ರ ಹೊದಿಸಿ ಪ್ರಾರ್ಥಿಸುತ್ತಾರೆ.

1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಮಂಗಳೂರು ಕಡೆಯ ಬಾಸೆಲ್ ಮಿಷನ್ ಪರಂಪರೆಯ ಸಭೆಗಳೂ ಮೈಸೂರು ಸೀಮೆಯ ಮೆಥಡಿಸ್ಟ್ ಪರಂಪರೆಯ ಸಭೆಗಳೂ ಇವೆ. ಅದರ ಆರಾಧನೆಯಲ್ಲಿ ಸಭೆಯೆಲ್ಲ ಒಂದೇ ಧ್ವನಿಯಲ್ಲಿ ಪಾಪವನ್ನು ಅರಿಕೆಮಾಡುತ್ತದೆ. ಸಭಾಪಾಲಕರು ಕ್ಷಮೆಯ ವಾಗ್ದಾನವನ್ನು ಸಾರುತ್ತಾರೆ. 1950ರಲ್ಲಿ ಸಿದ್ಧವಾದ ಕರ್ತನ ಭೋಜನದ ಕ್ರಮದಲ್ಲಿ ಸಮಾಧಾನವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ವಿಧಿಯಿದೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ತಾಗಿಸುತ್ತಾರೆ. ಇಬ್ಬರೂ ತಮ್ಮ ಎಡಗೈಯಿಂದ ಇನ್ನೊಬ್ಬರ ಬಲಗೈಯನ್ನು ಮುಚ್ಚುತ್ತಾರೆ. ಹೀಗೆ ಸಮಾಧಾನ ಬಲಿಪೀಠದಿಂದ ಕಟ್ಟಕಡೆಯ ಸಾಲಿನವರೆಗೆ ಸಾಗುತ್ತದೆ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಂದಿಗೆ ರಾಜಿಯಾಗಬೇಕೆಂಬ ಯೇಸುವಿನ ಬೋಧನೆಯನ್ನು ಈ ವಿಧಿ ಕೈಗಳ ಮೂಲಕವೇ ಕಲಿಸುತ್ತದೆ.

ಮೂರನೆಯ ಭಾಗ ಈ ಉಪನ್ಯಾಸದ ಹೃದಯ: ಕ್ಷಮೆಯನ್ನು ಸ್ವೀಕರಿಸುವುದು ಹೇಗೆ? ಯೇಸುವಿನ ಶಿಷ್ಯರಲ್ಲಿ ಇಬ್ಬರ ಕಥೆಯನ್ನು ಒಟ್ಟಿಗಿಟ್ಟು ನೋಡಿದರೆ ಪ್ರಶ್ನೆ ತಿಳಿಯಾಗುತ್ತದೆ. ಯೂದನು ಗುರುವನ್ನು ಹಿಡಿದುಕೊಟ್ಟ. ಪೇತ್ರನು ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ. ಇಬ್ಬರೂ ನೊಂದುಕೊಂಡರು. ಮತ್ತಾಯನ ಸುವಾರ್ತೆಯ ಪ್ರಕಾರ ಯೂದ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯಗಳನ್ನೂ ಹಿಂದಿರುಗಿಸಿದ. ಅವನ ಅರಿಕೆಯನ್ನು ಕೇಳಿಸಿಕೊಂಡ ಮುಖ್ಯಯಾಜಕರು ಅದು ತಮಗೆ ಸಂಬಂಧವಿಲ್ಲದ ಮಾತೆಂದು ತಳ್ಳಿಹಾಕಿದರು. ಕ್ಷಮೆಯ ಒಂದು ನುಡಿಯೂ ಅವನ ಕಿವಿಗೆ ಬೀಳಲಿಲ್ಲ. ಅವನೂ ಅದಕ್ಕಾಗಿ ಕಾಯದೆ ಹೋಗಿ ಪ್ರಾಣ ಕಳೆದುಕೊಂಡ. ಪೇತ್ರ ಅತ್ತ, ಆದರೆ ಶಿಷ್ಯರ ಗುಂಪನ್ನು ಬಿಟ್ಟುಹೋಗಲಿಲ್ಲ. ತಿಬೇರಿಯ ಸರೋವರದ ದಡದಲ್ಲಿ, ಕೆಂಡದ ಬೆಂಕಿಯ ಬಳಿ ಊಟವಾದ ಮೇಲೆ ಯೇಸು ಅವನನ್ನು ಮೂರು ಸಲ ಪ್ರೀತಿಯ ಬಗ್ಗೆ ಕೇಳಿ, ಮೂರು ಸಲವೂ ತಮ್ಮ ಕುರಿಗಳ ಹೊಣೆ ಕೊಟ್ಟರು. ಇಬ್ಬರ ನಡುವಣ ಅಂತರವನ್ನು ಪಶ್ಚಾತ್ತಾಪದ ತೀವ್ರತೆಯಲ್ಲಿ ಹುಡುಕಿದರೆ ಸಿಗದು. ಒಬ್ಬನು ಕ್ಷಮೆ ಸಿಗುವ ಜಾಗದಲ್ಲಿ ಉಳಿದ, ಇನ್ನೊಬ್ಬನು ಉಳಿಯಲಿಲ್ಲ. ಅರಿಕೆಯನ್ನು ಕೇಳುವವರ ಹೊಣೆ ಎಷ್ಟು ದೊಡ್ಡದೆಂಬುದನ್ನೂ ಆ ಯಾಜಕರ ನಡತೆ ಎಚ್ಚರಿಸುತ್ತದೆ.

ಹೇಳಿದ್ದು ಸಾಲದೆಂಬ ಸಂಶಯ ಭಕ್ತರನ್ನೇ ಹೆಚ್ಚಾಗಿ ಕಾಡುತ್ತದೆ. ಎರ್ಫರ್ಟ್ ಮಠದಲ್ಲಿ ಯುವಸನ್ಯಾಸಿಯಾಗಿದ್ದ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಹೊರಬಂದ ಕೂಡಲೇ ಬಿಟ್ಟುಹೋದ ಪಾಪಗಳು ನೆನಪಾಗಿ ಕಂಗೆಡುತ್ತಿದ್ದರು. ಅವರ ಮಾರ್ಗದರ್ಶಿ ಸ್ಟೌಪಿಟ್ಜ್ ಅವರ ದೃಷ್ಟಿಯನ್ನು ಪಾಪಗಳಿಂದ ಕ್ರಿಸ್ತನ ಗಾಯಗಳ ಕಡೆಗೆ ತಿರುಗಿಸಿದರು. ಯೇಸುಸಭೆಯ ಸಂಸ್ಥಾಪಕ ಲೊಯೋಲದ ಇಗ್ನೇಷಿಯಸ್ ಅವರಿಗೂ 1522ರಲ್ಲಿ ಮನ್ರೇಸದಲ್ಲಿ ಇದೇ ಬಾಧೆ ಕಾಡಿತು. ಹಳೆಯ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿದರೂ ಶಾಂತಿ ಸಿಗದೆ ಆತ್ಮಹತ್ಯೆಯ ಯೋಚನೆಯೂ ಸುಳಿಯಿತು. ಒಮ್ಮೆ ನಿವೇದಿಸಿದ ಪಾಪವನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದಾಗ ಅವರು ಬಿಡುಗಡೆ ಹೊಂದಿದರು. ಪ್ರೊಟೆಸ್ಟೆಂಟ್ ಸುಧಾರಣೆಯ ಎರಡು ಬದಿಗಳಲ್ಲಿ ನಿಂತ ಈ ಇಬ್ಬರೂ ಒಂದೇ ಸತ್ಯವನ್ನು ಕಂಡುಕೊಂಡರು: ಅರಿಕೆ ಪೂರ್ಣವಾಗಿದೆಯೇ ಎಂದು ಅಳೆಯುತ್ತ ಕೂತವನಿಗೆ ಶಾಂತಿಯಿಲ್ಲ. ಚಿಕ್ಕ ಪ್ರಶ್ನೋತ್ತರಿಯಲ್ಲಿ ಲೂಥರ್ ಅರಿಕೆಯ ಎರಡನೆಯ ಭಾಗವೆಂದು ಹೇಳಿದ್ದು, ಕ್ಷಮೆಯ ನುಡಿಯನ್ನು ದೇವರೇ ಆಡಿದ್ದೆಂದು ಸಂಶಯವಿಲ್ಲದೆ ಸ್ವೀಕರಿಸುವುದನ್ನು.

ಕರ್ನಾಟಕದ ನೆಲದೊಂದಿಗೆ ನಂಟಿರುವ ಒಂದು ಬದುಕು ಇದನ್ನು ಇನ್ನಷ್ಟು ಹತ್ತಿರಕ್ಕೆ ತರುತ್ತದೆ. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ಸಂಸ್ಕೃತ ಪಾಂಡಿತ್ಯದಿಂದ ಹೆಸರಾದ ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1907ರಲ್ಲಿ ಪ್ರಕಟಿಸಿದ ಆತ್ಮಸಾಕ್ಷ್ಯದಲ್ಲಿ ಅವರು ಹೇಳಿಕೊಂಡಂತೆ, ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ ಅವರಿಗೆ ಒಂದು ಅರಿವು ಮೂಡಿತು: ಕ್ರೈಸ್ತ ಧರ್ಮ ತಮಗೆ ದೊರಕಿದೆ, ಕ್ರಿಸ್ತನು ಇನ್ನೂ ದೊರಕಿಲ್ಲ. ತಮ್ಮ ಪ್ರಯತ್ನದಿಂದ ಯೋಗ್ಯರಾಗಲು ಹೆಣಗುತ್ತಿದ್ದ ಅವರು, ಪಾಪಿಯಾಗಿರುವಂತೆಯೇ ಕ್ಷಮೆಯನ್ನು ಉಚಿತ ವರವಾಗಿ ಸ್ವೀಕರಿಸಬೇಕೆಂದು ಕಂಡುಕೊಂಡಾಗ ಹೃದಯ ಹಗುರವಾಯಿತು. ಮುಂದೆ ಪುಣೆ ಬಳಿಯ ಕೇಡಗಾಂವದಲ್ಲಿ ಅವರು ನಡೆಸಿದ ಮುಕ್ತಿ ಸದನದಲ್ಲಿ 1905ರಲ್ಲಿ ದೊಡ್ಡ ಜಾಗೃತಿ ಉಂಟಾಗಿ, ಆಶ್ರಯ ಪಡೆದಿದ್ದ ಹೆಣ್ಣುಮಕ್ಕಳು ಅತ್ತು ಪಾಪವನ್ನು ಅರಿಕೆಮಾಡಿ ಸಂತೋಷದಿಂದ ಹಾಡಿದರು. ಬರಗಾಲದಿಂದಲೂ ಸಮಾಜದ ಕ್ರೌರ್ಯದಿಂದಲೂ ಬದುಕುಳಿದು ಬಂದಿದ್ದ ಅವರಲ್ಲಿ ಅನೇಕರಿಗೆ ದೇವರು ತಮ್ಮನ್ನೂ ಸ್ವೀಕರಿಸಿದ್ದಾನೆಂಬ ಭರವಸೆ ಬದುಕನ್ನೇ ಹೊಸದು ಮಾಡಿತು.

ಹಾಗಾದರೆ ಕ್ಷಮೆಯನ್ನು ಸ್ವೀಕರಿಸಲು ಏನು ನೆರವಾಗುತ್ತದೆ? ಪರಂಪರೆಗಳ ಅನುಭವದಿಂದ ಮೂರು ಅಂಶಗಳನ್ನು ಹೇಳಬಹುದು. ಒಂದನೆಯದು, ತಪ್ಪನ್ನು ಮೊತ್ತವಾಗಿ ಹೇಳದೆ ಹೆಸರಿಟ್ಟು ಹೇಳುವುದು. ಎಲ್ಲರೂ ಪಾಪಿಗಳೇ ಎಂಬ ಮಾತಿನ ಹಿಂದೆ ತನ್ನ ಪಾಪ ಸುಲಭವಾಗಿ ಅಡಗಿಕೊಳ್ಳುತ್ತದೆ. ಹೆಂಡತಿಗೆ ಆಡಿದ ಸುಳ್ಳು, ಕೂಲಿಯವನಿಗೆ ಕಡಿಮೆ ಕೊಟ್ಟ ಹಣ ಎಂದು ಹೇಳಿದಾಗ ಕ್ಷಮೆಯೂ ಅಲ್ಲಿಗೇ ಬಂದು ಮುಟ್ಟುತ್ತದೆ. ಎರಡನೆಯದು, ಕ್ಷಮೆಯ ನುಡಿಯನ್ನು ಮತ್ತೊಬ್ಬರ ಬಾಯಿಂದ ಕೇಳುವುದು. ನಾಜಿಗಳಿಗೆ ಎದುರಾಗಿ ನಿಂತು 1945ರಲ್ಲಿ ಗಲ್ಲಿಗೇರಿದ ಜರ್ಮನ್ ಪಾಲಕ ಡೀಟ್ರಿಕ್ ಬಾನ್‌ಹಾಫರ್ ಫಿಂಕನ್‌ವಾಲ್ಡ್‌ನ ಗುರುಮಠದಲ್ಲಿ ಪರಸ್ಪರ ಅರಿಕೆಯನ್ನು ಪ್ರೋತ್ಸಾಹಿಸಿದರು. ಒಬ್ಬಂಟಿಯಾಗಿ ಅರಿಕೆಮಾಡುವವನು ತನಗೆ ತಾನೇ ಕ್ಷಮೆ ಕೊಟ್ಟುಕೊಳ್ಳುವ ಭ್ರಮೆಗೆ ಬೀಳಬಹುದೆಂಬುದು 1939ರ ಅವರ ಪುಸ್ತಕದ ಎಚ್ಚರಿಕೆ. ಮೂರನೆಯದು, ಮನಸ್ಸಿನ ಏರಿಳಿತದ ಮೇಲೆ ಭರವಸೆ ಇಡದೆ ದೇವರ ವಾಗ್ದಾನದ ಮೇಲೆ ಇಡುವುದು. ಕ್ಷಮಿಸಲ್ಪಟ್ಟ ಪಾಪದ ನೆನಪು ನೋಯಿಸುತ್ತಲೇ ಇರಬಹುದು. ಆ ನೋವು ಕ್ಷಮೆ ಸಿಕ್ಕಿಲ್ಲವೆಂಬುದಕ್ಕೆ ಸಾಕ್ಷಿಯಾಗದು.

ಕೊನೆಯದಾಗಿ ನಾಲ್ಕನೆಯ ಭಾಗ: ಕ್ಷಮೆಯ ಫಲ. ಯೆರಿಕೋವಿನ ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ಯೇಸು ತಾವಾಗಿಯೇ ಹೋದರು. ಆ ಸ್ವೀಕಾರದಿಂದ ಕರಗಿದ ಜಕ್ಕಾಯ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದೂ ಹೇಳಿದ. ಮೋಶೆಯ ವಿಧಿಯಲ್ಲಿ ಐದನೆಯ ಒಂದು ಪಾಲು ಹೆಚ್ಚು ಕೊಟ್ಟರೆ ಸಾಕಿತ್ತು. ಕ್ಷಮೆ ಪಡೆದವನ ಕೈ ಅದಕ್ಕಿಂತ ಉದಾರವಾಯಿತು. 1930ರ ದಶಕದಲ್ಲಿ ರುವಾಂಡ, ಉಗಾಂಡಗಳಲ್ಲಿ ಆರಂಭವಾದ ಪೂರ್ವ ಆಫ್ರಿಕದ ಜಾಗೃತಿಯಲ್ಲೂ ಇದು ಕಂಡಿತು. ಕೂಟಗಳಲ್ಲಿ ಪಾಪವನ್ನು ಅರಿಕೆಮಾಡಿದವರು ಕದ್ದ ಸಾಮಾನುಗಳನ್ನು ಮರಳಿಸಿದರು, ಹಳೆಯ ಸಾಲಗಳನ್ನು ತೀರಿಸಿದರು, ಹಗೆಗಳೊಂದಿಗೆ ರಾಜಿಯಾದರು.

ಕ್ಷಮೆ ಪಡೆದವರು ಕ್ಷಮಿಸಬೇಕೆಂಬುದು ಎರಡನೆಯ ಫಲ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಸಾಮತಿಯಲ್ಲಿ ರಾಜನು ಸೇವಕನ ಹತ್ತು ಸಾವಿರ ತಲಾಂತು ಸಾಲವನ್ನು ಬಿಟ್ಟುಕೊಡುತ್ತಾನೆ. ಆ ಸೇವಕ ತನ್ನ ಜೊತೆಗಾರ ಕೊಡಬೇಕಿದ್ದ ನೂರು ದಿನಾರಿ ನಾಣ್ಯಕ್ಕಾಗಿ ಅವನ ಕುತ್ತಿಗೆ ಹಿಡಿಯುತ್ತಾನೆ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ರಾಜ ಬಿಟ್ಟುಕೊಟ್ಟದ್ದು ಆರು ಕೋಟಿ ದಿನಗಳ ಕೂಲಿ, ಸೇವಕ ಬಿಡಲೊಪ್ಪದ್ದು ನೂರು ದಿನಗಳ ಕೂಲಿ. ಆ ನೂರು ದಿನಗಳ ಕೂಲಿಯೂ ಬಡವನಿಗೆ ಅಲ್ಪವೇನಲ್ಲ. ಪರರು ಮಾಡಿದ ಗಾಯ ನಿಜವಾದ ಗಾಯವೆಂದು ಸಾಮತಿ ಒಪ್ಪುತ್ತದೆ. ಆದರೆ ತಾನು ಪಡೆದದ್ದನ್ನು ಲೆಕ್ಕಕ್ಕೆ ಹಿಡಿದವನು ಕುತ್ತಿಗೆಗೆ ಕೈಹಾಕಲಾರ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯನ್ನು ಬೇಡುವ ಮಾತೂ ಕ್ಷಮಿಸುವ ಮಾತೂ ಒಟ್ಟಿಗೆ ಬರುವುದು ಇದಕ್ಕಾಗಿಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ಷಮೆಯ ಬೋಧನೆಯನ್ನು ಅನ್ಯಾಯ ಮುಚ್ಚಲು ಬಳಸಬಾರದು. ಮಕ್ಕಳ ಮೇಲೆ, ಮಹಿಳೆಯರ ಮೇಲೆ, ದುರ್ಬಲರ ಮೇಲೆ ನಡೆದ ಅಪರಾಧದಲ್ಲಿ ತಪ್ಪಿತಸ್ಥನು ದೇವರ ಕ್ಷಮೆ ಬೇಡಬಹುದು. ಅದರಿಂದ ಕಾನೂನಿನ ಮುಂದೆ ಅವನ ಹೊಣೆ ತಪ್ಪುವುದಿಲ್ಲ. ನೊಂದವರ ಮೇಲೆ ಕ್ಷಮಿಸುವಂತೆ ಒತ್ತಡ ತರುವುದು ಎರಡನೆಯ ಗಾಯ. ದಾವೀದನಿಗೆ ಕ್ಷಮೆ ಸಿಕ್ಕಿತು, ಪರಿಣಾಮಗಳು ಅಳಿಯಲಿಲ್ಲ. ಊರೀಯನ ಹೆಸರನ್ನು ಮರೆಯಲೂ ಶಾಸ್ತ್ರ ಬಿಡಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ವಂಶಾವಳಿಯೂ ಬತ್ಷೆಬೆಯನ್ನು ಊರೀಯನ ಹೆಂಡತಿಯೆಂದೇ ಕರೆಯುತ್ತದೆ. ನಿಜವಾದ ಪಶ್ಚಾತ್ತಾಪ ನ್ಯಾಯದಿಂದ ಓಡುವುದಿಲ್ಲ.

ಒಟ್ಟಿನಲ್ಲಿ, ಕ್ರೈಸ್ತ ಜೀವನದಲ್ಲಿ ಅರಿಕೆಯ ರೂಪಗಳು ಕಾಲಕಾಲಕ್ಕೆ ಬದಲಾಗಿವೆ. ಹೋತದ ತಲೆಯ ಮೇಲಿನ ಕೈಗಳಿಂದ ಬಹಿರಂಗ ಪ್ರಾಯಶ್ಚಿತ್ತಕ್ಕೆ, ಅಲ್ಲಿಂದ ಮಠದ ಏಕಾಂತಕ್ಕೆ, ಸಭೆಯ ಸಾಮೂಹಿಕ ಪ್ರಾರ್ಥನೆಗೆ, ಇಬ್ಬರು ವಿಶ್ವಾಸಿಗಳ ನಡುವಿನ ಮಾತಿಗೆ ಅದು ಸಾಗಿ ಬಂದಿದೆ. ಎಲ್ಲ ರೂಪಗಳಲ್ಲೂ ಮೂರು ಸಂಗತಿಗಳು ಉಳಿದಿವೆ: ತಪ್ಪನ್ನು ಸತ್ಯವಾಗಿ ಹೇಳುವುದು, ಕ್ಷಮೆಯನ್ನು ದಾನವಾಗಿ ಪಡೆಯುವುದು, ಮುರಿದದ್ದನ್ನು ಕೈಲಾದಷ್ಟು ಸರಿಪಡಿಸುವುದು. ಮೊದಲನೆಯದನ್ನು ಬಿಟ್ಟರೆ ಕ್ಷಮೆ ಅಗ್ಗವಾಗುತ್ತದೆ. ಎರಡನೆಯದನ್ನು ಬಿಟ್ಟರೆ ಅರಿಕೆ ತೀರದ ಸಾಲವಾಗುತ್ತದೆ. ಮೂರನೆಯದನ್ನು ಬಿಟ್ಟರೆ ನೊಂದವರಿಗೆ ಅನ್ಯಾಯವಾಗುತ್ತದೆ. ಮೂರನ್ನೂ ಒಟ್ಟಿಗೆ ಕಲಿಸುವ ಸಭೆಗಳಲ್ಲಿ, ಭಾರ ಹೊತ್ತು ಬಂದವರು ಕ್ಷಮೆಯನ್ನು ಪಡೆದೆವೆಂಬ ಭರವಸೆಯಿಂದಲೂ ಮಾಡಬೇಕಾದ ಪರಿಹಾರದ ಹೊಣೆಯಿಂದಲೂ ಮನೆಗೆ ಹೋಗಬಲ್ಲರು.